ಚದುರಂಗದ ಕೊನೆಯ ಮನೆ



ಸಾವಿರ ಅಕ್ಕಿ ಕಾಳು ಎಷ್ಟು ತೂಗುತ್ತದೆ ಎಂದು ನಿಮಗೆ ಗೊತ್ತೇ? ದಿನಾ ಅಕ್ಕಿ ಅಳೆಯುವ ಕೈ ನಮ್ಮದು. ಆದರೂ ಕಾಳು ಎಣಿಸುವಷ್ಟು ಪುರುಸೊತ್ತು ಯಾರಿಗಿರುತ್ತದೆ? ಕಳೆದ ತಿಂಗಳು ನಾನು ಎಣಿಸಿದೆ. ಮೊರದಲ್ಲಿ ಕುಚ್ಚಲಕ್ಕಿ ಹರಡಿ, ಹತ್ತು ಹತ್ತರಂತೆ ಬದಿಗೆ ಸರಿಸಿ, ಸಾವಿರವಾದ ಮೇಲೆ ತಕ್ಕಡಿಗೆ ಹಾಕಿದೆ. 25 ಗ್ರಾಂ ತೂಗಿತು. ಮನೆಯವರು ನನ್ನನ್ನು ವಿಚಿತ್ರವಾಗಿ ನೋಡಿದರು. ಆದರೆ ಆ ಎಣಿಕೆಗೆ ಒಂದು ಕಾರಣವಿತ್ತು. ಕಾರಣ ನನ್ನ ಖಾಲಾ.

ಖಾಲಾ ಒಂದು ಸಂಜೆ ಮನೆಗೆ ಬಂದರು. ಕೈಯಲ್ಲಿ ಬಣ್ಣದ ಒಂದು ಕಾಗದ. ಅದರ ತುದಿಯಲ್ಲಿ ಒಂದು ವೃತ್ತ, ಅದರ ಕೆಳಗೆ ಎರಡು, ಅದರ ಕೆಳಗೆ ನಾಲ್ಕು, ಮತ್ತೆ ಎಂಟು. ಐದು ಸಾವಿರ ರೂಪಾಯಿ ಕಟ್ಟಿ ಸೇರಬೇಕು, ಇಬ್ಬರನ್ನು ಸೇರಿಸಬೇಕು. ಆ ಇಬ್ಬರು ತಲಾ ಇಬ್ಬರನ್ನು ಸೇರಿಸಬೇಕು. ನಮ್ಮ ಕೆಳಗೆ ಏಳು ಸಾಲಿನವರೆಗೆ ಸೇರುವ ಪ್ರತಿಯೊಬ್ಬರಿಗೂ ನಮಗೆ ಐನೂರು ರೂಪಾಯಿ. ಏಳು ಸಾಲೂ ತುಂಬಿದರೆ 254 ಜನ, ಅಂದರೆ ಒಂದು ಲಕ್ಷದ ಇಪ್ಪತ್ತೇಳು ಸಾವಿರ! ಐದು ಸಾವಿರಕ್ಕೆ ಬದಲಾಗಿ ಒಂದು ಸಾಬೂನಿನ ಪೆಟ್ಟಿಗೆ ಮತ್ತು ಒಂದು ಡಬ್ಬಿ ಪುಡಿಯನ್ನೂ ಕೊಟ್ಟಿದ್ದರು.

ಖಾಲಾ ಆಗಲೇ ಇಬ್ಬರನ್ನು ಸೇರಿಸಿಯಾಗಿತ್ತು. ಒಬ್ಬಳು ಅವರ ಬಟ್ಟೆ ಹೊಲಿಯುವವಳು. ಇನ್ನೊಬ್ಬಳು ಪಕ್ಕದ ಬೀದಿಯಲ್ಲಿ ಬೀಡಿ ಕಟ್ಟುವವಳು. ಕಿವಿಯ ಓಲೆ ಅಡವಿಟ್ಟು ಹಣ ತಂದಿದ್ದಳು. ಈಗ ಆ ಬೀಡಿಯವಳ ಕೆಳಗೆ ಇಬ್ಬರು ಬೇಕಾಗಿತ್ತು. "ನೀನು ಸೇರಿದರೆ ಅವಳಿಗೊಂದು ಉಪಕಾರ" ಎಂದರು ಖಾಲಾ.

"ಖಾಲಾ, ಈ ಕೊನೆಯ ಸಾಲಿನ ಎಂಟು ಜನರ ಗತಿಯೇನು?" ಎಂದು ಕೇಳಿದೆ.

"ಅವರೂ ತಲಾ ಇಬ್ಬರನ್ನು ತರುತ್ತಾರಲ್ಲ!"

"ಆ ಹದಿನಾರು ಜನ?"

"ಅವರೂ ತರುತ್ತಾರೆ. ಊರಿನಲ್ಲಿ ಜನರಿಗೇನು ಬರಗಾಲವೇ?"

ಖಾಲಾ ಮೋಸಗಾರ್ತಿಯಲ್ಲ, ದಡ್ಡಿಯೂ ಅಲ್ಲ. ಚಿಕ್ಕಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡು, ಮೂರು ಮಕ್ಕಳನ್ನು ಓದಿಸಿ, ಒಬ್ಬರ ಮುಂದೆಯೂ ಕೈಚಾಚದೆ ಬದುಕಿದವರು. ಅವರ ಮಾತು ಕೇಳಲು ಸರಿಯಾಗಿಯೇ ಇತ್ತು. ಒಬ್ಬರು ಇಬ್ಬರನ್ನು ತರುವುದೇನು ಮಹಾ ಕೆಲಸ? ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. "ಭಾನುವಾರ ಬನ್ನಿ ಖಾಲಾ, ಯೋಚಿಸಿ ಹೇಳುತ್ತೇನೆ" ಎಂದೆ. ಅವರು ಹೋದ ಮೇಲೆ ನೆನಪಾದದ್ದು ಒಂದು ಸಂಖ್ಯೆ. ಅದನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತೇನೆ, ನೋಡಿ:

1,84,46,74,40,73,70,95,51,615

ಇಪ್ಪತ್ತು ಅಂಕಿಗಳು. ಬಾಯಲ್ಲಿ ಹೇಳುವುದಾದರೆ ಸುಮಾರು ಒಂದು ಲಕ್ಷದ ಎಂಬತ್ತನಾಲ್ಕು ಸಾವಿರ ಕೋಟಿ ಕೋಟಿ. 'ಕೋಟಿ' ಎಂದು ಎರಡು ಸಲ ಬರೆದದ್ದು ಅಚ್ಚಿನ ದೋಷವಲ್ಲ. ಸೆಕೆಂಡಿಗೆ ಒಂದರಂತೆ ಎಣಿಸುತ್ತಾ ಕುಳಿತರೆ ಮುಗಿಸಲು ಐವತ್ತೆಂಟು ಸಾವಿರ ಕೋಟಿ ವರ್ಷಗಳು ಬೇಕು. ವಿಜ್ಞಾನಿಗಳು ಹೇಳುವ ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ ಮಾತ್ರ.

ಈ ಸಂಖ್ಯೆಯ ಕಥೆ ನೀವು ಶಾಲೆಯಲ್ಲಿ ಕೇಳಿರುತ್ತೀರಿ. ಭಾರತದ ಒಬ್ಬ ರಾಜನಿಗೆ ಜ್ಞಾನಿಯೊಬ್ಬ ಚದುರಂಗದ ಆಟವನ್ನು ಕಂಡುಹಿಡಿದು ಕೊಟ್ಟ. ರಾಜ ಮೆಚ್ಚಿ ಏನು ಬೇಕೆಂದ. "ಹಲಗೆಯ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಪ್ರತಿ ಮನೆಗೂ ಇಮ್ಮಡಿ ಮಾಡುತ್ತಾ ಅರವತ್ತನಾಲ್ಕು ಮನೆಗೂ ಕಾಳು ಕೊಡಿ" ಎಂದು ಜ್ಞಾನಿ ಕೇಳಿದ. ಇಷ್ಟು ಅಲ್ಪವನ್ನು ಕೇಳಿದನಲ್ಲ ಎಂದು ರಾಜನಿಗೆ ಬೇಸರವಾಯಿತು. ಲೆಕ್ಕ ಹಾಕಿದಾಗ ರಾಜ್ಯದ ಕಣಜಗಳೆಲ್ಲ ಬರಿದಾದರೂ ಸಾಲದಾಯಿತು.

ಕಥೆ ನಡೆದದ್ದೋ ಕಟ್ಟಿದ್ದೋ, ಅದು ಬೇರೆ ಮಾತು. ಅದನ್ನು ಬರೆದಿಟ್ಟವರಲ್ಲಿ ಒಬ್ಬರು ಇಬ್ನ್ ಖಲ್ಲಿಕಾನ್. 1211ರಲ್ಲಿ ಇರ್ಬಿಲ್‌ನಲ್ಲಿ ಹುಟ್ಟಿ, ಮುಂದೆ ದಮಾಸ್ಕಸ್‌ನ ಪ್ರಧಾನ ನ್ಯಾಯಾಧೀಶರಾದವರು. ಹೆಸರಾಂತ ವ್ಯಕ್ತಿಗಳ ಜೀವನಚರಿತ್ರೆಗಳ ದೊಡ್ಡ ಕೋಶವನ್ನೇ ಬರೆದರು. ಅದರಲ್ಲಿ ಬಗ್ದಾದಿನ ಚದುರಂಗ ಪಟು ಅಸ್ಸೂಲಿಯವರ ಪ್ರಸಂಗ ಬಂದಾಗ ಈ ಕಥೆಯನ್ನು ಹೇಳುತ್ತಾರೆ. ರಾಜನ ಹೆಸರು ಶಿಹ್ರಾಮ್, ಜ್ಞಾನಿಯ ಹೆಸರು ಸಿಸ್ಸಾ. ಅವರ ಬರಹದಲ್ಲಿ ನನಗೆ ಬಹಳ ಇಷ್ಟವಾದದ್ದು ಅವರ ಪ್ರಾಮಾಣಿಕತೆ. ಈ ಲೆಕ್ಕವನ್ನು ತಾವೇ ಮೊದಲು ನಂಬಿರಲಿಲ್ಲ ಎಂದು ಒಪ್ಪಿಕೊಳ್ಳುತ್ತಾರೆ! ಅಷ್ಟು ದೊಡ್ಡ ವಿದ್ವಾಂಸರಿಗೂ ಇಮ್ಮಡಿಯ ಶಕ್ತಿ ಕಣ್ಣಿಗೆ ಕಟ್ಟಿರಲಿಲ್ಲ ಎಂದ ಮೇಲೆ ನನ್ನ ಖಾಲಾರದ್ದೇನು ತಪ್ಪು?

ಅವರ ಕಣ್ಣು ತೆರೆಸಿದವನು ಅಲೆಕ್ಸಾಂಡ್ರಿಯಾದ ಒಬ್ಬ ಲೆಕ್ಕಿಗ. ಅವನು ಬಾಯಿಮಾತಿನಲ್ಲಿ ವಾದಿಸಲಿಲ್ಲ, ಕಾಗದ ತಂದು ತೋರಿಸಿದ. ಹದಿನಾರನೆಯ ಮನೆಯಲ್ಲಿ 32,768 ಕಾಳು. ಅದು ಅಳತೆಯ ಒಂದು ಬಟ್ಟಲು ಗೋಧಿ ಎಂದಿಟ್ಟುಕೊಳ್ಳಿ ಎಂದ. ಇಪ್ಪತ್ತನೆಯ ಮನೆಗೆ ಬರುವಾಗ ಅದು ಹದಿನಾರು ಬಟ್ಟಲು. ನಲವತ್ತನೆಯ ಮನೆಯಲ್ಲಿರುವುದು ಒಂದು ಕಣಜದ ತುಂಬ ಎನ್ನಿ. ಐವತ್ತನೆಯದರಲ್ಲಿ 1,024 ಕಣಜಗಳಾಗುತ್ತವೆ; ಅಷ್ಟು ಕಣಜಗಳಿರುವುದು ಒಂದು ನಗರ ಎನ್ನಿ. ಹಾಗಾದರೆ ಅರವತ್ತನಾಲ್ಕನೆಯ ಮನೆಯಲ್ಲಿ 16,384 ನಗರಗಳು. ಇಡೀ ಭೂಮಿಯಲ್ಲಿ ಅಷ್ಟು ನಗರಗಳೆಲ್ಲಿವೆ?

ಇದೇ ದಾರಿ ಹಿಡಿದು ನಾನೂ ನಮ್ಮ ಅಡುಗೆಮನೆಯ ಲೆಕ್ಕ ಮಾಡಿದೆ. ಸಾವಿರ ಕಾಳು 25 ಗ್ರಾಂ ಆದರೆ ಒಂದು ಕಿಲೋಗೆ ನಲವತ್ತು ಸಾವಿರ ಕಾಳು. ಹಲಗೆಯ ಮೊದಲ ಸಾಲಿನ ಎಂಟು ಮನೆಗಳಿಗೆ ಒಟ್ಟು 255 ಕಾಳು. ಒಂದು ಗುಬ್ಬಚ್ಚಿಗೆ ಹಾಕುವಷ್ಟು. ಹದಿನಾರನೆಯ ಮನೆಯಲ್ಲಿ ಸುಮಾರು 800 ಗ್ರಾಂ. ನಮ್ಮ ಮನೆಯ ಒಂದು ಹೊತ್ತಿನ ಊಟ. ಇಪ್ಪತ್ತೊಂದನೆಯ ಮನೆಯಲ್ಲಿ 26 ಕಿಲೋ, ಅಂಗಡಿಯಿಂದ ತರುವ ಒಂದು ಚೀಲ. ಇಲ್ಲಿಯವರೆಗೆ ಎಲ್ಲವೂ ಸೊಗಸು. ಜ್ಞಾನಿಯೂ ತೃಪ್ತ, ರಾಜನೂ ತೃಪ್ತ. ಆದರೆ ಹತ್ತು ಸಲ ಇಮ್ಮಡಿಸಿದರೆ ಯಾವುದೇ ವಸ್ತು 1,024 ಪಟ್ಟಾಗುತ್ತದೆ ಎಂಬುದನ್ನು ಮರೆಯಬೇಡಿ. ಮೂವತ್ತೊಂದನೆಯ ಮನೆಗೆ ಬಂದಾಗ ಮೂರು ಲಾರಿ ಲೋಡು. ನಲವತ್ತೊಂದನೆಯ ಮನೆಗೆ 27 ಸಾವಿರ ಟನ್ನು, ಅಂದರೆ ನವಮಂಗಳೂರು ಬಂದರಿಗೆ ಬರುವಂತಹ ಒಂದು ಸರಕು ಹಡಗಿನ ಭರ್ತಿ. ಕೊನೆಯ ಮನೆಗೆ ಅಂತಹ ಹಡಗುಗಳು 83 ಲಕ್ಷ! ಎಲ್ಲ ಮನೆಗಳನ್ನು ಕೂಡಿಸಿದರೆ 46 ಸಾವಿರ ಕೋಟಿ ಟನ್ನು ಅಕ್ಕಿ. ಇಂದು ಇಡೀ ಜಗತ್ತು ವರ್ಷಕ್ಕೆ ಬೆಳೆಯುವ ಅಕ್ಕಿ ಐವತ್ತು ಕೋಟಿ ಟನ್ನಿಗಿಂತ ಸ್ವಲ್ಪ ಹೆಚ್ಚು. ರಾಜ ಎಂಟುನೂರು ವರ್ಷಕ್ಕೂ ಹೆಚ್ಚು ಕಾಲ ಜಗತ್ತಿನ ಅಕ್ಕಿಯನ್ನೆಲ್ಲ ತಂದು ಸುರಿಯಬೇಕಾಗಿತ್ತು.

ಇಬ್ನ್ ಖಲ್ಲಿಕಾನ್‌ಗಿಂತ ಎರಡು ಶತಮಾನಕ್ಕೂ ಹಿಂದೆಯೇ ಈ ಸಂಖ್ಯೆಯನ್ನು ಕೊನೆಯ ಅಂಕಿಯವರೆಗೆ ಸರಿಯಾಗಿ ಬರೆದಿಟ್ಟವರು ಅಲ್‌ಬಿರೂನಿ. ಭಾರತದ ಬಗ್ಗೆ ಗ್ರಂಥ ಬರೆದ ಅದೇ ಬಿರೂನಿ. ಕ್ರಿ.ಶ. 1000ದ ಸುಮಾರಿಗೆ, ಪ್ರಾಚೀನ ಜನಾಂಗಗಳ ಕಾಲಗಣನೆಯ ಕುರಿತ ತಮ್ಮ ಕೃತಿಯಲ್ಲಿ ಇದನ್ನು ಕೊಟ್ಟಿದ್ದಾರೆ. ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ ಅರವತ್ತನಾಲ್ಕು ಸಲ ಇಮ್ಮಡಿಸಿ, ಮತ್ತೆ ಎಲ್ಲವನ್ನೂ ಕೂಡಿಸುತ್ತಾ ಕುಳಿತರೇ? ಇಲ್ಲ. ಈ ಸಂಖ್ಯೆಯ ಎರಡು ಗುಣಗಳು ಅವರ ಕೆಲಸವನ್ನು ಹಗುರ ಮಾಡಿದವು.

ಮೊದಲನೆಯ ಗುಣವನ್ನು ದಯವಿಟ್ಟು ನಿಧಾನವಾಗಿ ಓದಿ, ಖಾಲಾರ ಕಾಗದದ ಕೀಲಿಕೈ ಇರುವುದು ಇಲ್ಲೇ. ಯಾವುದೇ ಮನೆಯನ್ನು ತೆಗೆದುಕೊಳ್ಳಿ. ಅದರಲ್ಲಿರುವ ಕಾಳು ಅದರ ಹಿಂದಿನ ಎಲ್ಲ ಮನೆಗಳ ಒಟ್ಟು ಕಾಳಿಗಿಂತ ಸರಿಯಾಗಿ ಒಂದು ಹೆಚ್ಚು. ನಾಲ್ಕನೆಯ ಮನೆಯಲ್ಲಿ 8. ಹಿಂದಿನವು 1, 2, 4 ಸೇರಿ 7. ಐದನೆಯದರಲ್ಲಿ 16, ಹಿಂದಿನವೆಲ್ಲ ಸೇರಿ 15. ಯಾಕೆ ಹೀಗೆ? ಹಲಗೆಯ ಹೊರಗಿನಿಂದ ಒಂದು ಕಾಳನ್ನು ಸಾಲ ತನ್ನಿ. ಅದನ್ನು ಮೊದಲ ಮನೆಯ ಕಾಳಿಗೆ ಸೇರಿಸಿದರೆ ಎರಡು. ಆ ಎರಡನ್ನು ಎರಡನೆಯ ಮನೆಯ ಎರಡಕ್ಕೆ ಸೇರಿಸಿದರೆ ನಾಲ್ಕು. ಅದನ್ನು ಮೂರನೆಯ ಮನೆಯ ನಾಲ್ಕಕ್ಕೆ ಸೇರಿಸಿದರೆ ಎಂಟು. ಹೀಗೆ ಗುಡಿಸುತ್ತಾ ಹೋದಂತೆ ಪ್ರತಿ ಸಲವೂ ಮುಂದಿನ ಮನೆಯಷ್ಟೇ ಆಗುತ್ತದೆ. ಸಾಲದ ಆ ಒಂದು ಕಾಳನ್ನು ಕೊನೆಗೆ ಹಿಂದಿರುಗಿಸಿದರಾಯಿತು. ಆದ್ದರಿಂದ ಕೂಡಿಸುವ ಕೆಲಸವೇ ಇಲ್ಲ. ಹಲಗೆಯಲ್ಲಿ ಇಲ್ಲದ ಅರವತ್ತೈದನೆಯ ಮನೆಯ ಕಾಳನ್ನು ಕಂಡುಹಿಡಿದು ಒಂದನ್ನು ಕಳೆದರೆ ಇಡೀ ಹಲಗೆಯ ಮೊತ್ತ ಸಿಗುತ್ತದೆ.

ಎರಡನೆಯದು ಮೆಟ್ಟಿಲು ಹಾರುವ ಉಪಾಯ. ಯಾವುದೇ ಮನೆಯ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ, ಆ ಮನೆ ಮೊದಲ ಮನೆಯಿಂದ ಎಷ್ಟು ದೂರವಿದೆಯೋ ಅಷ್ಟೇ ದೂರ ಮುಂದಕ್ಕೆ ಜಿಗಿಯುತ್ತೇವೆ. ಐದನೆಯ ಮನೆಯ 16ನ್ನು 16ರಿಂದ ಗುಣಿಸಿದರೆ 256, ಅದು ಒಂಬತ್ತನೆಯ ಮನೆ. 256ನ್ನು 256ರಿಂದ ಗುಣಿಸಿದರೆ 65,536, ಅದು ಹದಿನೇಳನೆಯದು. ಅದರಿಂದ ಮೂವತ್ತಮೂರನೆಯದು: 4,29,49,67,296. ಅದನ್ನು ಇನ್ನೊಮ್ಮೆ ಅದರಿಂದಲೇ ಗುಣಿಸಿದರೆ ಅರವತ್ತೈದನೆಯ ಮನೆ! ಎರಡರಿಂದ ಹೊರಟರೆ ಆರೇ ಗುಣಾಕಾರಗಳಲ್ಲಿ ಲೆಕ್ಕ ಮುಗಿಯಿತು. ಓದುಗರಿಗೆ ಸಂಖ್ಯೆಯ ಗಾತ್ರ ತಿಳಿಯಲೆಂದು ಬಿರೂನಿ ಒಂದು ಚಿತ್ರವನ್ನೂ ಕೊಡುತ್ತಾರೆ. ಕಾಳುಗಳ ಜಾಗದಲ್ಲಿ ದಿರ್ಹಮುಗಳಿವೆ ಎಂದುಕೊಳ್ಳಿ. ಹತ್ತು ಸಾವಿರ ದಿರ್ಹಮುಗಳ ಒಂದು ಥೈಲಿ, ಒಂದು ಹೇಸರಗತ್ತೆಯ ಮೇಲೆ ಎಂಟು ಥೈಲಿ, ಒಂದು ಹಿಂಡಿನಲ್ಲಿ ಹತ್ತು ಸಾವಿರ ಹೇಸರಗತ್ತೆ, ಒಂದೊಂದು ಹೊಳೆಯ ಗುಂಟ ಸಾವಿರ ಹಿಂಡು, ಒಂದೊಂದು ಬೆಟ್ಟದಿಂದ ಹತ್ತು ಸಾವಿರ ಹೊಳೆ. ಅಂತಹ ಬೆಟ್ಟಗಳು 2,305 ಬೇಕು!

ಈ ಲೆಕ್ಕವನ್ನೆಲ್ಲ ನೋಡುತ್ತಾ ಪಕ್ಕದಲ್ಲಿ ಕುಳಿತಿದ್ದವಳು ನನ್ನ ತಂಗಿಯ ಮಗಳು. ಪಿಯುಸಿ ಓದುತ್ತಾಳೆ. ಹೆಣ್ಣುಮಕ್ಕಳಿಗೆ ಗಣಿತ ಕಷ್ಟ, ಕಲಾ ವಿಭಾಗ ಸಾಕು ಎಂದು ಹೇಳಿದ ಸಂಬಂಧಿಕರಿಗೆ ಲೆಕ್ಕವಿಲ್ಲ; ಅವಳು ಹಟ ಹಿಡಿದು ವಿಜ್ಞಾನ ತೆಗೆದುಕೊಂಡವಳು. "ಇಷ್ಟು ಕಾಳನ್ನು ಒಂದೂ ಉಳಿಯದಂತೆ ಎಷ್ಟು ಜನರಿಗೆ ಸಮನಾಗಿ ಹಂಚಬಹುದು?" ಎಂಬ ಪ್ರಶ್ನೆ ಅವಳದು. ಇಬ್ಬರಿಗೆ ಆಗದು, ಸಂಖ್ಯೆ ಬೆಸವಾಗಿದೆ. ಕೊನೆಗೆ ಐದು ಇರುವುದರಿಂದ ಐದು ಜನರಿಗೆ ಆಗುತ್ತದೆ. ಅಂಕಿಗಳನ್ನೆಲ್ಲ ಕೂಡಿಸಿದರೆ 87. ಅದು ಮೂರರಿಂದ ಭಾಗವಾಗುವುದರಿಂದ ಮೂವರಿಗೂ ಆಗುತ್ತದೆ. ಏಳು ಜನರಿಗೆ ಹಂಚಿದರೆ ಒಂದೇ ಒಂದು ಕಾಳು ಉಳಿದು ಜಗಳಕ್ಕೆ ಕಾರಣವಾಗುತ್ತದೆ.

ಮುಂದೆ ಅವಳು ಹತ್ತನೇ ತರಗತಿಯ ಸೂತ್ರವೊಂದನ್ನು ಹಿಡಿದಳು. ಒಂದು ವರ್ಗಸಂಖ್ಯೆಯಿಂದ ಒಂದನ್ನು ಕಳೆದರೆ, ಅದನ್ನು ಎರಡು ಸಂಖ್ಯೆಗಳ ಗುಣಲಬ್ಧವಾಗಿ ಒಡೆಯಬಹುದು: ಮೂಲಸಂಖ್ಯೆಗೆ ಒಂದು ಕೂಡಿಸಿದ್ದು, ಮೂಲಸಂಖ್ಯೆಯಿಂದ ಒಂದು ಕಳೆದದ್ದು. ಬಿರೂನಿ ಹತ್ತಿದ ಮೆಟ್ಟಿಲುಗಳನ್ನೇ ಅವಳು ಇಳಿಯುತ್ತಾ ಬಂದಳು. ಕೆಳಗೆ ಬಂದಾಗ ಕೈಯಲ್ಲಿದ್ದವು ಆರು ಸಂಖ್ಯೆಗಳು: 3, 5, 17, 257, 65,537 ಮತ್ತು 4,29,49,67,297. ಇವನ್ನೆಲ್ಲ ಗುಣಿಸಿದರೆ ನಮ್ಮ ಇಪ್ಪತ್ತಂಕಿಯ ಸಂಖ್ಯೆ.

ಇವುಗಳಲ್ಲಿ ಮೊದಲ ಐದು ಅವಿಭಾಜ್ಯ ಸಂಖ್ಯೆಗಳು, ಅಂದರೆ ಮುಂದೆ ಒಡೆಯದವು. ಆರನೆಯದೂ ಹಾಗೆಯೇ ಇರಬೇಕು ಎಂದು ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಫರ್ಮಾ ನಂಬಿದ್ದ. ಆತ ಸಾಮಾನ್ಯನಲ್ಲ, ಆ ಕಾಲದ ಮಹಾ ಗಣಿತಜ್ಞ. 1732ರಲ್ಲಿ ಆಯ್ಲರ್ ಎಂಬ ಸ್ವಿಟ್ಜರ್ಲೆಂಡಿನ ಗಣಿತಜ್ಞ ಅದನ್ನು ಒಡೆದು ತೋರಿಸಿದ: 641ರ 67,00,417 ಪಟ್ಟು. ನಂಬಿಕೆ ಬಿತ್ತು. ಹಾಗೆ ಒಟ್ಟು ಏಳು ಅವಿಭಾಜ್ಯ ಸಂಖ್ಯೆಗಳು. ಒಂದೊಂದನ್ನೂ ಆರಿಸಬಹುದು ಅಥವಾ ಬಿಡಬಹುದು. ಆದ್ದರಿಂದ ಕಾಳುಗಳನ್ನು ಸಮನಾಗಿ ಹಂಚುವ ದಾರಿಗಳು 128. ಹುಡುಗಿ ಕುಣಿದಾಡಿದಳು, ಯಾಕೆಂದರೆ 128 ಎಂಬುದು ಇದೇ ಹಲಗೆಯ ಎಂಟನೆಯ ಮನೆ!

ನಿಮ್ಮ ಕೈಯಲ್ಲಿರುವ ಮೊಬೈಲಿನಲ್ಲೂ ಈ ಸಂಖ್ಯೆ ಅಡಗಿದೆ. ಇಂದಿನ ಫೋನು, ಕಂಪ್ಯೂಟರುಗಳು ಒಂದು ಸಂಖ್ಯೆಯನ್ನು ಇಡಲು ಸಾಮಾನ್ಯವಾಗಿ 64 ಗೂಡುಗಳನ್ನು ಬಳಸುತ್ತವೆ. ಪ್ರತಿ ಗೂಡಿನಲ್ಲಿ ಸೊನ್ನೆ ಅಥವಾ ಒಂದು. ಎಲ್ಲ ಗೂಡುಗಳಲ್ಲೂ ಒಂದು ತುಂಬಿದಾಗ ಬರುವುದು ಜ್ಞಾನಿ ಕೇಳಿದ ಕಾಳುಗಳಷ್ಟೇ.

ಭಾನುವಾರ ಖಾಲಾ ಬಂದರು. ಮಕ್ಕಳ ಚದುರಂಗದ ಹಲಗೆಯನ್ನು ಮುಂದಿಟ್ಟೆ. ಏಳೆಂಟು ಮನೆಗಳಿಗೆ ಅಕ್ಕಿ ಕಾಳಿಟ್ಟು, ಮೇಲಿನ ಗುಣವನ್ನು ಅವರ ಕೈಯಲ್ಲೇ ಎಣಿಸಿಸಿದೆ. ಆಮೇಲೆ ಅವರ ಬಣ್ಣದ ಕಾಗದವನ್ನು ಪಕ್ಕದಲ್ಲಿ ಹರಡಿದೆ. ಒಂದು, ಎರಡು, ನಾಲ್ಕು, ಎಂಟು. ಅದೇ ಹಲಗೆ, ಕಾಳಿನ ಬದಲು ಮನುಷ್ಯರು.

"ಖಾಲಾ, ಇದು ಹತ್ತು ಸಾಲು ತುಂಬಿ ನಿಂತಿತು ಎಂದುಕೊಳ್ಳಿ. ಕೊನೆಯ ಸಾಲಿನಲ್ಲಿ 512 ಜನ. ಮೇಲಿನ ಒಂಬತ್ತು ಸಾಲುಗಳಲ್ಲಿ ಒಟ್ಟು ಎಷ್ಟು?"

ಅವರು ಹಲಗೆಯನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "511" ಎಂದರು.

ಯಾವ ಸಾಲಿನಲ್ಲಿ ನಿಂತರೂ ಕೊನೆಯ ಸಾಲಿನವರು ಮೇಲಿನವರೆಲ್ಲರಿಗಿಂತ ಒಬ್ಬರು ಹೆಚ್ಚು. ಅರ್ಧಕ್ಕಿಂತ ಹೆಚ್ಚು ಜನರ ಕೆಳಗೆ ಯಾರೂ ಇರುವುದಿಲ್ಲ, ಅವರಿಗೆ ಒಂದು ಪೈಸೆಯೂ ಬರುವುದಿಲ್ಲ. ಅವರು ಸೋಮಾರಿಗಳಾದ್ದರಿಂದಲ್ಲ, ಸಂಖ್ಯೆಯ ಗುಣವೇ ಹಾಗೆ. ಅಷ್ಟೇ ಅಲ್ಲ, ಕಟ್ಟಿದ ಐದು ಸಾವಿರ ವಾಪಸು ಬರಬೇಕಾದರೆ ಕೆಳಗೆ ಹತ್ತು ಜನ ಬೇಕು. ಎರಡು ಸಾಲು ತುಂಬಿದರೆ ಆರೇ ಜನ. ಮೂರನೆಯ ಸಾಲು ತುಂಬಿದರೆ ಹದಿನಾಲ್ಕು. ಹಾಗಾಗಿ ಕೆಳಗಿನ ಮೂರೂ ಸಾಲಿನವರು ನಷ್ಟದಲ್ಲೇ. ಹತ್ತು ಸಾಲುಗಳ 1,023 ಜನರಲ್ಲಿ ಕಳೆದುಕೊಂಡವರು 896, ಗಳಿಸಿದವರು 127. ಇನ್ನಷ್ಟು ಸಾಲು ಸೇರಿದರೆ ಸರಿಹೋಗುತ್ತದೆ ಎಂದರೆ, ಕಳೆದುಕೊಂಡವರ ಸಂಖ್ಯೆ ಬೆಳೆಯುತ್ತದೆಯೇ ಹೊರತು ಅವರ ಪಾಲು ಎಂಟರಲ್ಲಿ ಏಳಕ್ಕಿಂತ ಕೆಳಗಿಳಿಯುವುದಿಲ್ಲ. ಇನ್ನು ಊರಿನಲ್ಲಿ ಜನರಿಗೆ ಬರಗಾಲವೇ ಎಂಬ ಪ್ರಶ್ನೆ. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಇಪ್ಪತ್ತಾರು ಸಾಲಿಗೆ ಬೇಕಾದವರು 6.71 ಕೋಟಿ. ತೊಟ್ಟಿಲಿನ ಕೂಸನ್ನು ಸೇರಿಸಿದರೂ ಸಾಲದು. ಮೂವತ್ತಮೂರು ಸಾಲಿಗೆ ಭೂಮಿಯ ಮೇಲಿನ ಮನುಷ್ಯರೇ ಮುಗಿಯುತ್ತಾರೆ. ಹಲಗೆಯ ಅರ್ಧವಷ್ಟೇ ದಾಟಿರುತ್ತದೆ.

ನಮ್ಮ ದೇಶದಲ್ಲಿ ಇಂತಹ ಹಣ ಚಲಾವಣೆ ಯೋಜನೆಗಳನ್ನು 1978ರ ಕಾಯ್ದೆಯೇ ನಿಷೇಧಿಸಿದೆ. ನೇರ ಮಾರಾಟದ ಹೆಸರಿನಲ್ಲಿ ಪಿರಮಿಡ್ ಯೋಜನೆ ನಡೆಸುವುದನ್ನು 2021ರ ನಿಯಮಗಳೂ ನಿಷೇಧಿಸಿವೆ. ಸಾಬೂನು, ಪುಡಿ ಕೊಡುವುದು ಆ ಕಾರಣಕ್ಕೇ. ನಿಮ್ಮ ವಾಟ್ಸಾಪ್ ಗುಂಪಿಗೂ ಇಂತಹ ಕಾಗದ ಬಂದಿರಬಹುದು. ಬಂದರೆ ಒಂದೇ ಒಂದು ಪ್ರಶ್ನೆ ಕೇಳಿ ನೋಡಿ: "ನಾನು ಸೇರುವುದು ಎಷ್ಟನೆಯ ಸಾಲಿಗೆ?" ಕಾಗದದ ಮೇಲೆ ಪ್ರತಿಯೊಬ್ಬರೂ ತುದಿಯ ವೃತ್ತದಲ್ಲೇ ಇರುತ್ತಾರೆ. ಖಾಲಾರದ್ದೂ ಹಾಗೆಯೇ ಇತ್ತು.

ಖಾಲಾ ಹಲಗೆಯ ಮೇಲಿನ ಅಕ್ಕಿಯನ್ನು ಒಂದೊಂದಾಗಿ ಹೆಕ್ಕಿ ಬಟ್ಟಲಿಗೆ ಹಾಕಿದರು. "ನನ್ನದು ಹೋದರೆ ಹೋಗಲಿ. ಆ ಇಬ್ಬರು ನನ್ನ ಮುಖ ನೋಡಿ ಕೊಟ್ಟರು" ಎಂದರು. ಅವರಿಬ್ಬರಿಂದ ಖಾಲಾರಿಗೆ ಬಂದದ್ದು ಸಾವಿರ ರೂಪಾಯಿ ಮಾತ್ರ, ಆದರೆ ಅವರು ಲೆಕ್ಕ ಹಾಕಿದ್ದು ಹತ್ತು ಸಾವಿರಕ್ಕೆ. ಸೇರಿಸಿದವರನ್ನು ಕೇಳಿದರೆ ಹಣ ವಾಪಸು ಇಲ್ಲ, ಇನ್ನಿಬ್ಬರನ್ನು ತನ್ನಿ ಎಂಬ ಉತ್ತರ ಬಂತು. ಈಗ ಖಾಲಾ ತಮ್ಮ ಉಳಿತಾಯದಿಂದಲೇ ಕಟ್ಟುತ್ತಿದ್ದಾರೆ. ಬೀಡಿಯವಳ ಓಲೆ ಈ ತಿಂಗಳು ಅಡವಿನಿಂದ ಬಿಡುಗಡೆಯಾಯಿತು. ಹೊಲಿಗೆಯವಳ ಐದು ಸಾವಿರದಲ್ಲಿ ಎರಡು ಸಾವಿರ ಸಂದಿದೆ. ಉಳಿದದ್ದನ್ನು ತಿಂಗಳಿಗೆ ಒಂದೊಂದು ಸಾವಿರದಂತೆ ಕೊಡುವುದೆಂದು ಮಾತಾಗಿದೆ.